ಮೀನಿನಕ್ಕ ಹೊಸ್ತಿಲಾಚೆ ಹೇಳಿದ್ದು

ಇದನ್ನು ಓದಿ ಮುಗಿಸುವ ಹೊತ್ತಿಗೆ ನೀವು ನನ್ನನ್ನು ಸುಳ್ಳುಬುರುಕಿ ಅನ್ನುತ್ತೀರಿ. ಅನ್ನಿ, ಕಡೂರಿನ ಅರ್ಧ ಊರು ಆಗಲೇ ಅನ್ನುತ್ತಿದೆ. ಆದರೂ ಇದು ನಡೆದದ್ದು ನಿಜ.

ಸೀಗೆಪುಡಿ ತುಂಬಿಡಲು ಬಾಟಲಿ ಬೇಕೆಂದು ಅಮ್ಮ ನನ್ನನ್ನು ಅಟ್ಟ ಹತ್ತಿಸಿದ್ದಳು. ಹಳೇ ಪಾತ್ರೆಗಳ ಹಿಂದೆ ಅಗಲ ಬಾಯಿಯ ಗಾಜಿನ ಬಾಟಲಿಯೊಂದು ಸಿಕ್ಕಿತು. ಮುಚ್ಚಳ ತೆಗೆದೆ. ಪಾಚಿ, ಒಣಗಿದ ಹುಳು, ತುಕ್ಕು, ಮೂರೂ ಸೇರಿದ ವಾಸನೆ ಹೊಡೆದ ರಭಸಕ್ಕೆ ಅಟ್ಟದಿಂದ ಬಿದ್ದು ಮೂರ್ಛೆ ಹೋದೆ... ಇಲ್ಲ, ಬೀಳಲಿಲ್ಲ. ಸೀನಿದೆ, ಅಷ್ಟೆ. ಆ ಸೀನಿನ ಜೊತೆ ಮೀನಿನಕ್ಕ ನೆನಪಾದಳು, ಕೆಳಗಿಳಿದು ಕೋಣೆಯಲ್ಲಿ ಇದನ್ನು ಬರೆಯಲು ಕೂತೆ.

ಆಗ ನಾನು ಏಳನೇ ಕ್ಲಾಸು. ಊರಿಗೆ ಟಿವಿ ಬಂದಿರಲಿಲ್ಲ. ಗಾಜಿನ ಹಿಂದೆ ಏನಾದರೂ ಅಲ್ಲಾಡುವುದನ್ನು ನೋಡಬೇಕೆಂದರೆ ಸ್ಟೇಷನ್ ರಸ್ತೆಯ ಮೀನಿನ ಅಂಗಡಿಯೇ ಗತಿ. ಅಲ್ಲಿ ನಲವತ್ತು ತೊಟ್ಟಿಗಳಿದ್ದವು. ಸರಿ, ನಾಲ್ಕು. ಜೊತೆಗೆ ಒಂದು ಪಂಜರ ಲವ್ ಬರ್ಡ್ಸ್, ಸದಾ ಕೋಪದಲ್ಲಿರುತ್ತಿದ್ದ ಒಂದು ಬಿಳಿ ಮೊಲ. ಮೀನಿನಕ್ಕ ಅಲ್ಲಿ ಕೆಲಸಕ್ಕಿದ್ದವಳು. ದಿನಾ ಬೆಳಿಗ್ಗೆ ಅಜ್ಜಂಪುರದಿಂದ ರೈಲಿನಲ್ಲಿ ಬಂದು ಸಂಜೆ ರೈಲಿಗೆ ವಾಪಸ್ ಹೋಗುತ್ತಿದ್ದಳು. ಅವಳ ಉಗುರುಗಳು ಯಾವಾಗಲೂ ಹಸಿರು. ನೀರು ಮೂಸಿಯೇ ಅದು ಯಾವ ಬೀದಿಯ ಬಾವಿಯದೆಂದು ಹೇಳುತ್ತಿದ್ದಳು. ಇದರಲ್ಲಿ ನಾನು ಒಂದಿಷ್ಟೂ ಸೇರಿಸಿಲ್ಲ.

ಅಂಗಡಿಯ ಯಜಮಾನರು ಮೊದಲು ಕೊಬ್ಬರಿ ವ್ಯಾಪಾರದಲ್ಲಿದ್ದವರು. ಅಂಗಡಿಯೊಳಗೆ ಅಶುಭದ ಮಾತು ಆಡಬಾರದು ಎಂಬುದು ಅವರ ಕಟ್ಟಳೆ. ಮನೆಯಲ್ಲಿ ಬಳೆ ಒಡೆದರೆ ಅಮ್ಮ "ಹೆಚ್ಚಾಯ್ತು" ಅನ್ನುತ್ತಾಳಲ್ಲ, ಹಾಗೆ ಅಲ್ಲಿ ಮೀನು ಸತ್ತರೂ "ಹೆಚ್ಚಾಯ್ತು" ಅನ್ನಬೇಕಿತ್ತು. ಬೆಳಿಗ್ಗೆ ಅಕ್ಕ ಸಣ್ಣ ಬಲೆಯಲ್ಲಿ ಸತ್ತ ಮೀನು ಎತ್ತುತ್ತಾ "ಇವತ್ತು ಎರಡು ಹೆಚ್ಚಾದ್ವು ಯಜಮಾನ್ರೇ" ಅಂದರೆ, ಅವರು ಗಂಭೀರವಾಗಿ ಲಕ್ಷ್ಮಿ ಪಟಕ್ಕೆ ಕೈ ಮುಗಿಯುತ್ತಿದ್ದರು.

ಒಂದು ಸಂಜೆ ಲಕ್ಕವಳ್ಳಿ ಡ್ಯಾಮಿನ ಇಂಜಿನಿಯರೊಬ್ಬರು ಬಂದರು. ಮಂಗಳೂರು ಕಡೆಯವರು, ಹೊಸದಾಗಿ ವರ್ಗವಾಗಿ ಬಂದಿದ್ದರು. ಊರು ಬಿಟ್ಟು ಬಂದ ದಿನದಿಂದ ಅವರ ಪುಟ್ಟ ಮಗಳು ಅಳು ನಿಲ್ಲಿಸಿರಲಿಲ್ಲವಂತೆ. ಮೀನು ತಂದುಕೊಡುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದರು.

"ಮೊನ್ನೆ ಈ ತೊಟ್ಟಿಯಲ್ಲಿ ಹತ್ತು ಚಿನ್ನದ ಮೀನು ಇತ್ತಲ್ಲ?" ಅಂದರು.

"ಮೂರು ಹೆಚ್ಚಾದ್ವು ಸಾರ್," ಅಂದರು ಯಜಮಾನರು.

"ಎರಡೇ ದಿನದಲ್ಲಿ ಮೂರು ಹೆಚ್ಚಾಯ್ತಾ ಮಾರಾಯ್ರೆ!" ಇಂಜಿನಿಯರ ಕಣ್ಣು ಅರಳಿತು. ಮರಿ ಹಾಕಿವೆ ಎಂದೇ ತಿಳಿದರು. ತೊಟ್ಟಿಯಲ್ಲಿ ಉಳಿದಿದ್ದದ್ದು ಏಳೇ. ಮಿಕ್ಕವು ಮಾರಿಹೋಗಿರಬೇಕು ಅಂದುಕೊಂಡರೇನೋ. ಯಜಮಾನರು ತಿದ್ದಲಿಲ್ಲ. ಮೀಸೆಯಲ್ಲೇ ನಕ್ಕರು.

ಆ ಏಳರ ಮೈಮೇಲೂ ರವೆ ಚೆಲ್ಲಿದಂತೆ ಬಿಳಿ ಚುಕ್ಕೆ ಎದ್ದಿದ್ದವು. ಅದು ರೋಗ ಎಂದು ಅಕ್ಕನಿಗೆ ಗೊತ್ತಿತ್ತು. ಮೊಲಕ್ಕೆ ಸೊಪ್ಪು ತಿನ್ನಿಸುವ ನೆಪದಲ್ಲಿ ದಿನಾ ಅಲ್ಲೇ ಬಿದ್ದಿರುತ್ತಿದ್ದ ನನಗೂ ಗೊತ್ತಿತ್ತು. ಅಕ್ಕ ಯಜಮಾನರ ಮುಖ ನೋಡಿದಳು, ತೊಟ್ಟಿ ನೋಡಿದಳು, ಕೈ ಒರೆಸಿಕೊಂಡಳು.

"ಸಾರ್, ಇವನ್ನ ತಗಂಡೋದ್ರೆ ನಾಳೆ ಸಂಜೆ ಒಳಗೆ ಹೆಚ್ಚಾಗ್ತವೆ."

"ಓಹೋ! ಎಷ್ಟು?"

"ಎಲ್ಲಾವೂ ಸಾರ್. ಒಂದೂ ಬಿಡ್ದಂಗೆ ಹೆಚ್ಚಾಗ್ತವೆ."

"ಹಾಗಾದ್ರೆ ಏಳನ್ನೂ ಕೊಟ್ಟುಬಿಡಿ! ನನ್ನ ಮಗಳು ಕುಣೀತಾಳೆ!"

ನಾನು ನಗು ತಡೆಯಲಾರದೆ ಮೊಲದ ಸೊಪ್ಪನ್ನೇ ಬಾಯಿಗೆ ತುರುಕಿಕೊಂಡೆ. ಅಕ್ಕ ನಗಲಿಲ್ಲ. ಎಚ್ಚರಿಕೆ ಹೇಳಲು ಅವಳಿಗಿದ್ದದ್ದು ಅದೊಂದೇ ಪದ, ಅದೂ ಯಜಮಾನರ ವ್ಯಾಪಾರವನ್ನೇ ಮಾಡಿಕೊಡುತ್ತಿತ್ತು. ಬಲೆ ಎತ್ತಿಕೊಂಡಳು. ನೀರಿಗೆ ಇಳಿಸಿದಳು. ಮತ್ತೆ ಎತ್ತಿದಳು.

"ಸತ್ತೋಗ್ತವೆ ಸಾರ್," ಅಂದುಬಿಟ್ಟಳು. "ಇಲ್ಲಿ ಹೆಚ್ಚಾಗೋದು ಅಂದ್ರೆ ಸಾಯೋದು. ಮಗಿಗೆ ಸಾಯೋ ಮೀನು ಕೊಡಬ್ಯಾಡಿ."

ಮೊಲ ಕೂಡ ಮೇಯುವುದು ನಿಲ್ಲಿಸಿತು. ನಾನು ಬಾಯಲ್ಲಿದ್ದ ಸೊಪ್ಪು ನುಂಗಿದೆ. ಯಜಮಾನರು ಎದ್ದು ನಿಂತು, "ಲೇ, ನಾಳೆಯಿಂದ ನೀನು..." ಅಂದರು. ಮಾತು ಮುಗಿಯುವಷ್ಟರಲ್ಲಿ ಇಂಜಿನಿಯರು ಅಕ್ಕನ ಕಡೆ ತಿರುಗಿ, "ಬದುಕುವುದು ಯಾವುದು ಮಾರಾಯ್ತಿ? ಅದನ್ನೇ ಕೊಡು," ಅಂದರು.

ಅಕ್ಕ ಮೂಲೆಯ ತೊಟ್ಟಿಯಿಂದ ಎರಡು ಜೊತೆ ಗಪ್ಪಿ ಎಂಬ ಪುಟ್ಟ ಮೀನು ಹಿಡಿದಳು. ನಲ್ಲಿ ನೀರನ್ನು ಒಂದು ದಿನ ಬಿಟ್ಟು ಹಾಕಿ, ಚಿಟಿಕೆಗಿಂತ ಜಾಸ್ತಿ ಮೇವು ಬೇಡ, ಮಗು ಅತ್ತರೂ ಬೇಡ ಎಂದು ಮೂರು ಸಲ ಹೇಳಿ ಕಳಿಸಿದಳು. ತಿಂಗಳಾದ ಮೇಲೆ ಇಂಜಿನಿಯರು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು, "ಹೆಚ್ಚಾಯ್ತು! ನಿಜವಾಗಿ ಹೆಚ್ಚಾಯ್ತು! ಹತ್ತೊಂಬತ್ತು ಮರಿ!" ಎಂದು ರಸ್ತೆಯಿಂದಲೇ ಕೂಗಿದರು. ಹೆಚ್ಚಾಯ್ತು ಎಂಬ ಕೂಗು ಕೇಳಿದ್ದೇ ಯಜಮಾನರು ಅಭ್ಯಾಸಬಲದಿಂದ ದೇವರ ಪಟಕ್ಕೆ ಕೈ ಮುಗಿದರು. ಆಮೇಲೆ ಅರ್ಥವಾಗಿ ಹೊಟ್ಟೆ ಕುಣಿಸಿ ನಕ್ಕರು. ಇಂಜಿನಿಯರು ಅವತ್ತು ದೊಡ್ಡ ತೊಟ್ಟಿಯನ್ನೇ ಕೊಂಡರು. ಅಕ್ಕನ ಕೆಲಸ ಉಳಿಯಿತು.

ಕಟ್ಟಳೆ ಮಾತ್ರ ಸಡಿಲವಾಗಲಿಲ್ಲ, ಒಂದು ತಿದ್ದುಪಡಿಯಾಯಿತು. "ಕೆಟ್ಟ ಮಾತು ಆಡ್ಲೇಬೇಕು ಅಂದ್ರೆ ಹೊಸ್ತಿಲಾಚೆ ಹೋಗಿ ಆಡವ್ವ. ನನ್ ಲಕ್ಷ್ಮಿ ಕಿವಿಗೆ ಬೀಳಬಾರ್ದು," ಅಂದರು ಯಜಮಾನರು. ಅಂದಿನಿಂದ ಅಕ್ಕ ಒಳಗೆ ನಿಂತು ಪ್ರಾಣಿಗಳನ್ನು ಹೊಗಳುವುದು, ಗಿರಾಕಿಯನ್ನು ಮೆಟ್ಟಿಲಿಗೆ ಕರೆದೊಯ್ದು ನಿಜ ಹೇಳುವುದು. "ಒಂಚೂರು ಹೊಸ್ತಿಲಾಚೆ ಬನ್ನಿ" ಎಂದಳೆಂದರೆ ತರೀಕೆರೆಯಿಂದ ಬಂದವರೂ ಚಪ್ಪಲಿ ಮೆಟ್ಟಿಕೊಂಡು ಕಿವಿ ಚಾಚುತ್ತಿದ್ದರು. ನಿಜ ಕೇಳಲು ಸ್ಟೇಷನ್‌ವರೆಗೆ ಸಾಲು ನಿಲ್ಲುತ್ತಿತ್ತು... ಹೋಗಲಿ, ಪಕ್ಕದ ಸೈಕಲ್ ಶಾಪಿನವರೆಗೆ.

ನಾನು ಮೀನು ಕೇಳಿದಾಗಲೂ ಹೊರಗೆ ಕರೆದಳು.

"ನಿನ್ ಕೈಗೆ ಮೀನು ಕೊಡಾಕಿಲ್ಲ ಕಣೇ. ನೀನು ನೀರು ಬದ್ಲಾಯ್ಸದೇನೆ ಬದ್ಲಾಯ್ಸಿದೆ ಅಂತೀಯ. ಮೀನಿಗೆ ಸುಳ್ಳು ನಡೆಯಾಕಿಲ್ಲ."

ಊರಿಗೆ ಟಿವಿ ಬಂತು. ಯಜಮಾನರು ತೊಟ್ಟಿಗಳನ್ನು ತೆಗೆದು ಟಿವಿ ಪೆಟ್ಟಿಗೆ ಜೋಡಿಸಿದರು. "ಇದುಕ್ಕೆ ಮೇವು ಬ್ಯಾಡ, ಹೆಚ್ಚಾಗೋದೂ ಇಲ್ಲ," ಅಂದರು. ಕೊನೆಯ ದಿನ ಅಕ್ಕ ಈ ಬಾಟಲಿಯಲ್ಲಿ ಒಂದು ಗಪ್ಪಿ ಹಾಕಿ ನನ್ನ ಕೈಗಿಟ್ಟು ರೈಲು ಹತ್ತಿದಳು. ಮಾರನೇ ವರ್ಷ ನೆಂಟರ ಮದುವೆಗೆಂದು ಅಜ್ಜಂಪುರಕ್ಕೆ ಹೋದಾಗ ಹುಡುಕಿದೆ. ಅವಳಿದ್ದ ಮನೆಯಲ್ಲಿ ಬೇರೆ ಯಾರೋ ಇದ್ದರು. ಎಲ್ಲಿ ಹೋದಳೋ ಅವರಿಗೂ ತಿಳಿಯದು... ಒಳ್ಳೆ ನೀರಿರುವ ಕಡೆಯೇ ಹೋಗಿರುತ್ತಾಳೆ.

ಆ ಮೀನು ನಮ್ಮ ಮನೆಯಲ್ಲಿ ಮೂರು ವರ್ಷ ಬದುಕಿತು, ಹೆಸರು ಕರೆದರೆ ಬರುತ್ತಿತ್ತು, ಒಂದು ಸಲ ಬೆಕ್ಕಿನ ಮೂಗನ್ನೇ...

"ಲೇ, ಬಾಟ್ಲಿ ತಾ ಅಂದು ಎಷ್ಟೊತ್ತಾಯ್ತೇ? ಏನ್ ಗೀಚ್ತಾ ಕೂತಿದೀಯ?"

ಅಮ್ಮ. ಬಾಟಲಿ ಮೂಸಿ ಮುಖ ಕಿವುಚಿದಳು. "ಇದು ಆ ಮೀನಿಂದಲ್ವಾ? ಹಳ್ಳಕ್ಕೆ ಬಿಟ್ಟೆ, ಈಜ್ಕಂಡ್ ಹೋಯ್ತು ಅಂದಿದ್ಯಲ್ಲ?"

ನಾನು ಎದ್ದೆ. ಕೋಣೆಯ ಹೊಸ್ತಿಲು ದಾಟಿ ಆಚೆ ನಿಂತೆ.

"ಸತ್ತೋಯ್ತಮ್ಮ. ಎಂಟೇ ದಿನಕ್ಕೆ. ನಾನೇ ನೀರು ಬದಲಾಯಿಸ್ಲಿಲ್ಲ."

ಅಮ್ಮ ಬಾಟಲಿ ತೊಳೆಯಲು ಬಚ್ಚಲಿಗೆ ಹೋದಳು.