ಬಜಾರಕ್ಕೆಲ್ಲ ಕೇಳಿಸಿದ ಅಳತೆ

"ದಪ್ಪ ಆಗೀನವ್ವಾ! ಜಂಪರ್ ತೋಳು ಬಿಗಿ ಆಗ್ಯಾವ, ಸಡ್ಲ ಮಾಡು!" ಎಂದು ನಾನು ಕೂಗಿದ್ದಕ್ಕೆ ಕೊಟ್ಟೂರಿನ ಅರ್ಧ ಬಜಾರ ತಿರುಗಿ ನೋಡಿತು. ಕೇಳಿಸದೇ ಹೋದದ್ದು ಹೊಲಿಗೆಯಾಕೆಗೆ ಮಾತ್ರ. ಆಕೆಗೆ ಹುಟ್ಟಿನಿಂದ ಕಿವಿ ಕೇಳದು. ಅದು ಗೊತ್ತಿದ್ದೂ, ಇನ್ನಷ್ಟು ಗಟ್ಟಿ ಕೂಗಿದರೆ ಕೇಳಿಸೀತೆಂದು ಮತ್ತೊಮ್ಮೆ ಕೂಗಿದೆ.

ಆಕೆ ನನ್ನ ಅಗಲಿಸಿದ ಬಾಯಿಯನ್ನೂ ಎದುರಿನ ಚಹಾದಂಗಡಿಯಲ್ಲಿ ನಗುತ್ತಿದ್ದ ಗಂಡಸರನ್ನೂ ನೋಡಿದಳು. ತುಟಿಗೆ ಬೆರಳಿಟ್ಟು, ಅವರತ್ತ ಕೈ ತೋರಿಸಿ, ಕಿವಿ ಮುಟ್ಟಿಕೊಂಡಳು. ಮೆಲ್ಲಗೆ, ಅವರಿಗೆ ಕೇಳಿಸುತ್ತದೆ ಎಂದರ್ಥ! ಆಮೇಲೆ ನನ್ನ ತೋಳನ್ನೊಮ್ಮೆ ಹಿಡಿದು ನೋಡಿ ಟೇಪು ಎತ್ತಿಕೊಂಡಳು.

ಮರುವಾರ ತರಕಾರಿಯವನು, "ಟೀಚರ್ರ, ತೋಳು ಸಡ್ಲ ಆತೇನ್ರಿ?" ಎಂದು ಕೇಳಿದ. ಆ ಬಜಾರದಲ್ಲಿ ಈಗ ನಾನು ನಂಬಿ ಗುಟ್ಟು ಹೇಳುವುದು ಹೊಲಿಗೆಯಾಕೆಯೊಬ್ಬಳಿಗೇ, ಅದೂ ಕೈಸನ್ನೆಯಲ್ಲಿ.