ಈರಮ್ಮನ ಬಲೆಯ ಆಚೆ ಕೂತ ಹುಡುಗಿ

ಹೊನ್ನಾವರದ ಎದುರು ದಂಡೆ, ಕಾಸರಕೋಡಿನ ಮರಳು ಹೊಯ್ಗೆಯ ಮೇಲೆ ಇನ್ನೂ ಮಬ್ಬು ಬೆಳಕು. ತೆಂಗಿನ ಗರಿಯ ಚಪ್ಪರದಡಿ ಈರಮ್ಮ ಕಾಲು ಚಾಚಿ ಕೂತಿದ್ದಾರೆ. ಎರಡು ಗೂಟಗಳ ನಡುವೆ ಹರಿದ ಬಲೆ ಎಳೆದು ಕಟ್ಟಿದೆ. ನೈಲಾನ್ ನೂಲು ಸುತ್ತಿದ ಬಿದಿರಿನ ಸೂಜಿ ಅವರ ಕೈಯಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡುತ್ತಿದೆ. ಬಲೆಯ ಆಚೆ ಹದಿನಾಲ್ಕರ ಹುಡುಗಿ ಗಂಗಿ. ತಲೆ ಅಲ್ಲಾಡಿಸದೆ ಕಣ್ಣಿನಲ್ಲೇ ಸೂಜಿಯ ಬೆನ್ನು ಹತ್ತಿದ್ದಾಳೆ.

“ಈಗ ಮನಸ್ಸಿಗೆ ಎಂತ ಬಂತು?” ಈರಮ್ಮ ಕೇಳುತ್ತಾರೆ.

“ಗಾಳಿ.”

“ಆತು. ಸೂಜಿ ನೋಡು.”

ದಾರಿಯಲ್ಲಿ ಹೋಗುವವರಿಗೆ ಇದು ಹೊತ್ತು ಹೋಗದವರ ಆಟದ ಹಾಗೆ ಕಂಡೀತು. ಆಟ ಅಲ್ಲ. ಚಪ್ಪರದ ಕಂಬಕ್ಕೆ ಒರಗಿ ನಿಂತ ಗಂಗಿಯ ತಾಯಿ ತಿಮ್ಮಕ್ಕ ಇವತ್ತು ಮೀನು ಬುಟ್ಟಿ ಹೊತ್ತು ಪೇಟೆಗೆ ಹೋಗಿಲ್ಲ. ಭಟ್ಕಳದ ಕಡೆಯಿಂದ ಬೆಳಗಿನ ಬಸ್ಸಿಗೆ ಅವರ ಅಣ್ಣ ಶುಕ್ರ ಬರುತ್ತಾನೆ. ಗಂಗಿಯನ್ನು ಕರೆದುಕೊಂಡು ಹೋಗಿ ಬರೆ ಹಾಕಿಸಬೇಕೆಂಬುದು ಅವನ ಹಟ. ಬರೆ ಎಂದರೆ ಬರೆಯೇ, ಕಾದ ಕಬ್ಬಿಣದ್ದು. ಅದೂ ಎರಡನೆಯ ಸಲ.

ಈರಮ್ಮನಿಗೆ ಐವತ್ತು ದಾಟಿದೆ. ಬಲೆ ಹೆಣೆಯುವುದು ಈ ದಂಡೆಯಲ್ಲಿ ಗಂಡಸರ ಕೆಲಸ. ಎಪ್ಪತ್ತೆಂಟನೇ ಇಸವಿಯ ಮಳೆಗಾಲದ ಕೊನೆಗೆ, ಶರಾವತಿ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮಗುಚಿ ಗಂಡ ದಾಸ ಹೋದ ಮೇಲೆ ಅವನ ಸೂಜಿಯನ್ನೇ ಇವರು ಕೈಗೆತ್ತಿಕೊಂಡರು. “ಹೆಂಗಸು ಹೆಣೆದ ಬಲೆಗೆ ಮೀನು ಬೀಳುದಿಲ್ಲ ಅಂದ್ರು. ಬಿತ್ತು. ಮತ್ತೆ ಯಾರೂ ಸೊಲ್ಲೆತ್ತಲಿಲ್ಲ” ಎಂದು ನಗುತ್ತಾರೆ. ಬೆಳಕು ಹರಿಯುವುದಕ್ಕೆ ಮುಂಚೆ ಕೂತರೆ ಬಿಸಿಲು ನೆತ್ತಿಗೆ ಬರುವ ತನಕ ಎದ್ದೇಳುವುದಿಲ್ಲ. ನೂಲು ಕೊರೆದು ಕೊರೆದು ಬೆರಳ ಸಂದಿಯ ಚರ್ಮ ದಡ್ಡುಗಟ್ಟಿದೆ.

ಅದೇ ದೋಣಿಯಲ್ಲಿದ್ದು ಬದುಕಿ ಬಂದವನು ಅವರ ತಂಗಿಯ ಮಗ ಮಂಜ. ಆಗ ಹದಿನಾರರ ಪ್ರಾಯ. ಅನ್ನ ಬಿಟ್ಟ, ಮಾತು ಬಿಟ್ಟ. ಎಲ್ಲಿ ಕೂರಿಸಿದರೆ ಅಲ್ಲಿ ಕೂರುತ್ತಿದ್ದ. ಕಣ್ಣೆದುರಿಗೆ ಇರಲಿ ಎಂದು ಈರಮ್ಮ ಅವನನ್ನು ಬಲೆಯ ಆಚೆ ಕೂರಿಸಿಕೊಂಡರು. ಅವನ ಕಣ್ಣು ಸೂಜಿಯ ಜೊತೆ ಹೋಗಿ ಬರತೊಡಗಿತು. ಒಂದು ಬೆಳಿಗ್ಗೆ ತಾನಾಗಿಯೇ ಬಾಯಿ ಬಿಟ್ಟ.

“ನಾನು ಎಂತದೂ ಕೇಳಿದ್ದಲ್ಲ. ಕಣ್ಣು ಸೂಜಿ ಮೇಲೆ, ಮಾತು ಅಳಿವೆ ಮೇಲೆ. ಹೇಳ್ತಾ ಹೇಳ್ತಾ ಅವನ ನಡುಕ ಇಳೀತು. ಅದು ಯಾಕೆ ಹಾಗೆ ಅಂತ ನಂಗೆ ಇವತ್ತಿಗೂ ತಿಳೂದಿಲ್ಲ” ಎನ್ನುತ್ತಾರೆ ಈರಮ್ಮ.

ಮಂಜ ಈಗ ಟ್ರಾಲರ್ ದೋಣಿಯಲ್ಲಿ ದುಡಿಯುತ್ತಾನೆ. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಆಮೇಲೆ ಹೆದರಿಕೆ ಹೊಕ್ಕ ಹರೆಯದ ಮಕ್ಕಳನ್ನು ಯಾರಾದರೊಬ್ಬರು ಈ ಚಪ್ಪರಕ್ಕೆ ಕರೆತರುತ್ತಲೇ ಇದ್ದಾರೆ. ಭಟ್ಕಳದ ಹತ್ತಿರದ ಜಾಲಿಯಿಂದ ಬಂದ ಹುಡುಗನೊಬ್ಬ ಮಾತಾಡಿದ್ದೆಲ್ಲ ತನ್ನ ಮನೆಮಾತು ನವಾಯತಿಯಲ್ಲಿ. ಈರಮ್ಮನಿಗೆ ಅರ್ಧಕ್ಕರ್ಧ ಅರ್ಥವಾಗಲಿಲ್ಲ. “ನಂಗೆ ಅರ್ಥ ಆಗುದು ಯಾಕೆ? ಅವನಿಗೆ ಆದ್ರೆ ಆತು.” ಅವನ ಅಜ್ಜಿ ಈಗಲೂ ಹಬ್ಬಕ್ಕೆ ಸಿಹಿ ಕಳಿಸುತ್ತಾರಂತೆ. ಹಾಗೆಂದು ಎಲ್ಲರೂ ಹುಷಾರಾದರು ಅನ್ನುವಂತಿಲ್ಲ. ಕುಮಟಾದ ಹುಡುಗನೊಬ್ಬನಿಗೆ ಕೂತಷ್ಟೂ ಜಾಸ್ತಿಯಾಯಿತು. ಈರಮ್ಮ ಕೈ ಮುಗಿದು, “ಇದು ನನ್ನ ಕೈಲಿ ಆಗುದಲ್ಲ, ದವಾಖಾನೆಗೆ ತಕೊಂಡು ಹೋಗಿ” ಎಂದು ಕಳಿಸಿಬಿಟ್ಟರು.

ಗಂಗಿಯ ಕತೆಯೂ ಅಳಿವೆಯದ್ದೇ. ಹೋದ ಮಳೆಗಾಲದ ಕೊನೆಯಲ್ಲಿ ಅಪ್ಪನ ಜೊತೆ ಸಣ್ಣ ದೋಣಿಯಲ್ಲಿ ಹೊಳೆ ದಾಟುತ್ತಿದ್ದಳು. ಗಾಳಿ ಎದ್ದು ದೋಣಿ ಮಗುಚಿತು. ಕವುಚಿದ ದೋಣಿಯ ಅಂಚು ಹಿಡಿದು ಇವಳು ಉಳಿದಳು, ಅಪ್ಪ ಉಳಿಯಲಿಲ್ಲ. ಅಂದಿನಿಂದ ನೀರು ಕಂಡರಾಗದು. ಮೈಮೇಲೆ ಚೊಂಬು ನೀರು ಬಿದ್ದರೆ ಚೀರುತ್ತಿದ್ದಳು. ಕುಡಿಯುವ ನೀರನ್ನೂ ಕಣ್ಣು ಮುಚ್ಚಿಯೇ ಕುಡಿಯುತ್ತಿದ್ದಳು. ಸುತ್ತಲೂ ನೀರೇ ಇರುವ ಊರಿನಲ್ಲಿ ಹುಡುಗಿ ಹೇಗೆ ಬದುಕಬೇಕು?

ಮನೆಯವರು ಸುಮ್ಮನೆ ಕೂರಲಿಲ್ಲ. ಅಳಿವೆಯ ಮಾತು ಅವಳೆದುರು ಎತ್ತಬಾರದು, ಎತ್ತಿದರೆ ಸತ್ತವರು ಮತ್ತೆ ಕರೆಯುತ್ತಾರೆ ಎಂದು ಎಲ್ಲರ ಬಾಯಿ ಕಟ್ಟಿದರು. ಮಂತ್ರಿಸಿದ ನೂಲು ಕಟ್ಟಿಸಿದರು. ಮೈಯಲ್ಲಿ ಏನೋ ಹೊಕ್ಕಿದೆ ಎಂದು ಕೊನೆಗೆ ಶುಕ್ರ ಎಲ್ಲಿಗೋ ಕರೆದುಕೊಂಡು ಹೋಗಿ ಹೊಟ್ಟೆಗೆ ಬರೆ ಹಾಕಿಸಿಕೊಂಡು ಬಂದ. ಗಾಯ ಕೀವಾಯಿತು. ಜ್ವರ ಏರಿದ ಹುಡುಗಿಯನ್ನು ತಿಮ್ಮಕ್ಕ ಹೊನ್ನಾವರದ ದವಾಖಾನೆಗೆ ಹೊತ್ತುಕೊಂಡು ಹೋದರು. ಗಾಯ ಯಾವುದರದ್ದೆಂದು ಹೇಳಲು ಹೆದರಿ ಜ್ವರ ಎಂದಷ್ಟೇ ಹೇಳಿದರು.

ಅಲ್ಲಿ ಡಾಕ್ಟರು ಸುಮತಿ ಪೆನ್ನು ತೆಗೆದು, “ಔಷಧಿ ಬರೆಯುತ್ತೇನೆ, ತಡಿ” ಎಂದರು. ಗಂಗಿಯ ಕಿವಿಗೆ ಬಿದ್ದದ್ದು ‘ಬರೆ’ ಒಂದೇ. ಎರಡೂ ಕೈಯಲ್ಲಿ ಹೊಟ್ಟೆ ಅವುಚಿಕೊಂಡು ಬೆಂಚಿನ ಅಡಿಗೆ ನುಗ್ಗಿದಳು. ಡಾಕ್ಟರು ಬಗ್ಗಿ ಅವಳನ್ನು ಹೊರಗೆ ಕರೆದರು. ಆಮೇಲೆ ಅಂಗಿ ಸರಿಸಿ ನೋಡಿದರು. “ಹೆದರಿದ ಮಗುವಿಗೆ ಇದೂ ಒಂದು ಔಷಧವೇ?” ಎಂದು ಅವರು ಈಗಲೂ ಕೇಳುತ್ತಾರೆ.

ಗಾಯ ಮಾಗಿದ ಮೇಲೆ ತಿಮ್ಮಕ್ಕ ಮಗಳನ್ನು ಈ ಚಪ್ಪರಕ್ಕೆ ತಂದರು. ಈರಮ್ಮ ಒಪ್ಪುವ ಮೊದಲು ದೋಣಿ ಹತ್ತಿ ಡಾಕ್ಟರನ್ನು ಕೇಳಲು ಹೋದರು. “ನಾನು ಇಂಥದ್ದನ್ನು ಓದಿಲ್ಲ, ಸರಿ ತಪ್ಪು ಹೇಳಲಾರೆ. ಆದರೆ ಒಂದೇ ದಿನ ಎಲ್ಲ ಕೆದಕಬೇಡ. ಅವಳು ಸಾಕೆಂದರೆ ಆ ಗಳಿಗೆ ನಿಲ್ಲಿಸು. ಹೆದರಿಕೆ ಇಳಿಯದೆ ಮನೆಗೆ ಕಳಿಸಬೇಡ” ಎಂದರು ಡಾಕ್ಟರು.

ಹೆದರಿದಾಗ ಗಂಗಿಗೆ ದನಿಯೇ ಹೊರಡದು, ಸಾಕೆನ್ನುವುದು ಹೇಗೆ? ಈರಮ್ಮ ಒಂದು ಉಪಾಯ ಹುಡುಕಿದರು. ನೂಲಿನ ಒಂದು ತುದಿಯನ್ನು ತಮ್ಮ ಮಣಿಕಟ್ಟಿಗೆ ಕಟ್ಟಿ ಇನ್ನೊಂದನ್ನು ಅವಳ ಕೈಗೆ ಕೊಟ್ಟರು. “ಸಾಕನ್ನಿಸಿದ್ರೆ ಬಿಟ್ಬಿಡು ತಂಗಿ. ನಂಗೆ ಗೊತ್ತಾಗ್ತದೆ, ನಿಲ್ಲಿಸ್ತೆ.”

ಹುಡುಗಿ ಬಿಡಲಿಲ್ಲ. ಒಂದು ದಿನವೂ ಬಿಡಲಿಲ್ಲ. ತಡಕೊಳ್ಳುತ್ತದೆ, ಗಟ್ಟಿ ಹುಡುಗಿ ಎಂದು ಈರಮ್ಮ ಒಳಗೊಳಗೇ ಹಿಗ್ಗಿದರು. ಒಂದು ಬೆಳಿಗ್ಗೆ ಬಿಳಿ ನೂಲು ಕೆಂಪಾಗಿದ್ದು ಕಣ್ಣಿಗೆ ಬಿತ್ತು. ಮುಷ್ಟಿ ಬಿಡಿಸಿ ನೋಡಿದರೆ ನೈಲಾನು ಅಂಗೈಯನ್ನು ಸೀಳಿಬಿಟ್ಟಿದೆ. ಈರಮ್ಮ ಸೂಜಿ ಒಗೆದು ಅವಳ ಪಕ್ಕಕ್ಕೆ ಬಂದು ಕೂತರು.

“ಯಾಕೆ ತಂಗಿ? ಬಿಡು ಅಂದಿದ್ದೆ ಅಲ್ದಾ?”

ಗಂಗಿ ಹೇಳಿದಳು. “ಬಿಟ್ರೆ ಅಪ್ಪ ಹೋಗ್ತ.”

ಮಗುಚಿದ ದೋಣಿಯ ಪಕ್ಕ ಅವಳು ಒಂದು ಕೈಯಲ್ಲಿ ಅಪ್ಪನನ್ನು, ಒಂದು ಕೈಯಲ್ಲಿ ದೋಣಿಯನ್ನು ಹಿಡಿದಿದ್ದಳಂತೆ. ದೋಣಿಯ ಕೈ ಜಾರತೊಡಗಿದಾಗ ಅಪ್ಪ ಹೇಳಿದ್ದು, “ನನ್ನ ಕೈ ಬಿಡು. ಎರಡೂ ಕೈಲಿ ದೋಣಿ ಹಿಡ್ಕೊ.” ಅವಳು ಬಿಟ್ಟಳು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಲು ಯಾರು ಬಿಟ್ಟಿದ್ದರು? ಕಂಬದ ಹತ್ತಿರ ನಿಂತಿದ್ದ ತಿಮ್ಮಕ್ಕನಿಗೂ ಇದು ಗೊತ್ತಾದದ್ದು ಅವತ್ತೇ. ಅಪ್ಪನ ಮಾತು ಕೇಳಿ ಜೀವ ಉಳಿಸಿಕೊಂಡ ಮಗಳಿಗೆ ತಾವೆಲ್ಲ ಸೇರಿ ಕಬ್ಬಿಣ ಕಾಯಿಸಿದ್ದರು. “ಅವತ್ತು ನೆಲ ಬಾಯಿ ಬಿಟ್ಟು ನುಂಗಿದ್ರೆ ಒಳ್ಳೇದಿತ್ತು” ಎನ್ನುತ್ತಾ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ.

ಈರಮ್ಮ ಕೆಲವು ದಿನ ಗಂಗಿಯನ್ನು ಕೂರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ನೂಲು ಕೊಟ್ಟದ್ದು ಎಂಥ ಎಡವಟ್ಟು ಎಂದು ಹಣೆ ಚಚ್ಚಿಕೊಂಡರು. ಮತ್ತೆ ಶುರು ಮಾಡಿದಾಗ ನೂಲಿಲ್ಲ. ಸಾಕೆನಿಸಿದರೆ ಎದ್ದು ನಿಂತರಾಯಿತು. ಗಂಗಿ ಎದ್ದಳು, ಹಲವು ಸಲ ಎದ್ದಳು. ಪ್ರತಿ ಸಲವೂ ಸೂಜಿ ನಿಂತಿತು. ತಾನು ನಿಲ್ಲಿಸೆಂದರೆ ದೊಡ್ಡವರೊಬ್ಬರು ನಿಲ್ಲಿಸುತ್ತಾರೆ ಎಂಬುದೇ ಅವಳಿಗೆ ಹೊಸದು. ಈಗ ನಿದ್ದೆ ಬರುತ್ತಿದೆ. ಮೊನ್ನೆ ತಾನೇ ಬಾವಿಗೆ ಹೋಗಿ ಕೊಡ ತುಂಬಿದಳಂತೆ. ಹೊಳೆಯ ಹತ್ತಿರ ಮಾತ್ರ ಇನ್ನೂ ಹೋಗುವುದಿಲ್ಲ.

ಬಿಸಿಲು ಚಪ್ಪರದೊಳಗೆ ಇಣುಕುವ ಹೊತ್ತಿಗೆ ಶುಕ್ರ ಬಂದೇ ಬಿಡುತ್ತಾನೆ. ತಂಗಿಯ ಸಂಸಾರ ತನ್ನ ತಲೆಮೇಲೆ ಬಿದ್ದಿದೆ ಎಂಬ ಗಾಬರಿ ಅವನ ಮುಖದಲ್ಲೇ ಇದೆ. ಕೆಟ್ಟವನಲ್ಲ. ಬೇರೆ ದಾರಿ ಗೊತ್ತಿಲ್ಲದವನು.

“ಬಲೆ ನೋಡಿ ಹುಷಾರಾಗುದಾದ್ರೆ ಬಂಗಡೆ ಮೀನಿಗೆ ಕಾಯಿಲೆಯೇ ಇರ್ತಿರಲಿಲ್ಲ” ಎಂದು ಕುಟುಕುತ್ತಾನೆ. “ಎಂತ ತಿಮ್ಮಕ್ಕ, ಹೊರಡಿಸು ಅವಳನ್ನ. ಬಸ್ಸು ತಪ್ತದೆ.”

ತಿಮ್ಮಕ್ಕ ಬಾಯಿ ತೆರೆಯುವ ಮೊದಲೇ ಗಂಗಿ ಎದ್ದು ನಿಲ್ಲುತ್ತಾಳೆ. ದನಿ ನಡುಗುತ್ತಿದೆ, ಆದರೆ ಹೊರಡುತ್ತಿದೆ.

“ನನ್ನ ಮೈಯಲ್ಲಿ ಎಂತದೂ ಹೊಕ್ಕಿಲ್ಲ ಮಾವ. ಅಪ್ಪ ಕೈ ಬಿಡು ಅಂದ. ಬಿಟ್ಟೆ. ಅದಕ್ಕೆ ಬದುಕಿದ್ದೆ. ನಾ ಬರೂದಿಲ್ಲ.”

ಶುಕ್ರ ತಂಗಿಯ ಮುಖ ನೋಡುತ್ತಾನೆ. ತಿಮ್ಮಕ್ಕ ತಲೆಯಾಡಿಸುತ್ತಾರೆ. ಅವನು ಹೊಯ್ಗೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಗಂಗಿಯ ಹೊಟ್ಟೆಯ ಕಡೆಗೊಮ್ಮೆ ನೋಡಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಳ್ಳುತ್ತಾನೆ. ಬಸ್ಸಿನ ಮಾತು ಮತ್ತೆ ಎತ್ತುವುದಿಲ್ಲ.

ಎಲ್ಲರೂ ಹೋದ ಮೇಲೆ ಈರಮ್ಮ ಬಲೆಯ ಗಂಟು ಬಿಗಿಯುತ್ತಾ ಕೂರುತ್ತಾರೆ. ದೊಡ್ಡ ಕೆಲಸ ಮಾಡಿದಿರಿ ಎಂದರೆ ಒಪ್ಪುವುದಿಲ್ಲ.

“ನಂದೆಂತ ದೊಡ್ಡದು? ನನ್ನ ಗಂಡ ಕಡೇಗೆ ಎಂತ ಅಂದ ಅಂತ ನಂಗೆ ಗೊತ್ತಿಲ್ಲ. ಅದೇ ದೋಣೀಲಿದ್ದ ಮಂಜನಿಗೂ ಕೇಳಿಸ್ಲಿಲ್ಲ. ಈ ಹುಡುಗಿಗೆ ಅದರಪ್ಪ ಬದುಕು ಅಂದ. ಅದನ್ನ ಅದು ಶಾಪ ಅಂತ ತಿಳ್ಕಂಡಿತ್ತು. ಈಗ ಅದಕ್ಕೆ ಅಪ್ಪನ ಮಾತು ಸರಿಯಾಗಿ ಕೇಳ್ತು.”