ಮೀಟರಿನಿಂದ ಕಿತ್ತ ಬಲ್ಬು

ಪುಣೆಯ ವಿಮಾನ ನಗರದ ಹಿಂದಿನ ಓಣಿಯಲ್ಲಿ ಗಾಡಿಗಳ ವೈರಿಂಗ್ ಮಾಡುತ್ತಿದ್ದ ಸಿದ್ರಾಮಪ್ಪ ಬೈಲಹೊಂಗಲದ ಕಡೆಯವನು, ತೊಂಬತ್ತೊಂದರಲ್ಲಿ ಬಂದು ನೆಲೆಸಿದವನು. ರಿಪೇರಿಯಾದ ಗಾಡಿಯನ್ನು ತಾನೇ ಒಂದು ಸುತ್ತು ಓಡಿಸಿ ನೋಡದೆ ಯಾರ ಕೈಗೂ ಕೊಡುತ್ತಿರಲಿಲ್ಲ. ಅವಸರ ಮಾಡಿದವರಿಗೆ ಬೇರೆ ಅಂಗಡಿ ನೋಡಿಕೊಳ್ಳಲು ಹೇಳುತ್ತಿದ್ದ. ನನಗೂ ಎರಡು ಸಲ ಹೇಳಿದ್ದಾನೆ. ಮೈಯೆಲ್ಲ ಉರಿದರೂ ನಾನು ಬೇರೆಲ್ಲೂ ಹೋಗಲಿಲ್ಲ.

ಎರಡು ಸಾವಿರದ ಆರರ ಹೊತ್ತಿಗೆ ಬೈಕಿನವರಿಗೆ ಹೊಸ ಹುಚ್ಚು ಹಿಡಿಯಿತು. ಕಂಪನಿ ಕೊಟ್ಟ ದಪ್ಪ ಇಂಡಿಕೇಟರ್ ಕಿತ್ತು, ಹೆಬ್ಬೆರಳಿನಷ್ಟು ಚಿಕ್ಕ ಎಲ್‌ಇಡಿ ದೀಪ ಹಾಕಿಸುವುದು. ಅದರಲ್ಲೊಂದು ತೊಡಕಿತ್ತು. ಈ ದೀಪಗಳಿಗೆ ತುಸುವೇ ಕರೆಂಟು ಸಾಕು. ಇಂಡಿಕೇಟರ್ ಜೊತೆ ಮಿನುಗುವ ಮೀಟರಿನ ಹಸಿರು ಬಲ್ಬಿನ ಮೂಲಕ ಅದು ಆಚೆ ಬದಿಗೂ ಹರಿದು, ಎಡಕ್ಕೆ ಒತ್ತಿದರೆ ನಾಲ್ಕೂ ದೀಪ ಮಿನುಗುತ್ತಿದ್ದವು. ಸರಿಪಡಿಸಲು ಕರೆಂಟನ್ನು ಒಂದೇ ಕಡೆಗೆ ಬಿಡುವ ಎರಡು ಡಯೋಡ್ ಕೂಡಿಸಬೇಕು, ಅರ್ಧ ತಾಸಿನ ಕೆಲಸ. ಆ ಬಲ್ಬನ್ನೇ ಕಿತ್ತರೆ ಒಂದೇ ನಿಮಿಷ. ಆದರೆ ಆಮೇಲೆ ಇಂಡಿಕೇಟರ್ ಹತ್ತಿದೆಯೋ ಆರಿದೆಯೋ ಓಡಿಸುವವನಿಗೆ ಗೊತ್ತಾಗುವುದಿಲ್ಲ.

ಆ ವರ್ಷ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ಹಿಂದಿನ ದಿನ ಅಂಗಡಿಯ ಮುಂದೆ ಗಾಡಿಗಳ ಸಾಲು. ಪೂಜೆಗೆ ಎಲ್ಲರ ಗಾಡಿಯೂ ಮದುಮಗನ ಹಾಗೆ ಕಾಣಬೇಕಲ್ಲ. ಧಾರವಾಡದ ಕಡೆಯ ಗುಮಾಸ್ತ ಮಧುಕರನೂ ಚಿಕ್ಕ ದೀಪ ಹಾಕಿಸಲು ಬಂದಿದ್ದ. ಸಿದ್ರಾಮಪ್ಪ ಬಲ್ಬು ಕಿತ್ತು ಗಾಡಿ ಕೊಟ್ಟುಬಿಟ್ಟ. ಸುತ್ತು ಓಡಿಸಲಿಲ್ಲ, ಕಿತ್ತದ್ದನ್ನು ಹೇಳಲೂ ಇಲ್ಲ. ಹಬ್ಬ ಕಳೆದ ಮೇಲೆ ಕರೆದು ಡಯೋಡ್ ಹಾಕಿದರಾಯಿತು ಅಂದುಕೊಂಡನಂತೆ.

ಇನ್ನೂ ಕರೆದಿರಲಿಲ್ಲ, ಗಾಡಿ ಕೊಟ್ಟ ಒಂಬತ್ತನೆಯ ದಿನ ಮಧುಕರ ಹೆಂಡತಿ ಅನುಜಾಳನ್ನು ಹಿಂದೆ ಕೂರಿಸಿಕೊಂಡು ಹೊರಟಿದ್ದ. ಒಂದು ಕಡೆ ಎಡಕ್ಕೆ ತಿರುಗಿದ ಮೇಲೂ ಇಂಡಿಕೇಟರ್ ಮಿನುಗುತ್ತಲೇ ಇತ್ತು. ಮುಂದಿನ ಓಣಿಗೂ ಇವನು ತಿರುಗುತ್ತಾನೆಂದು ನಂಬಿ ಅಲ್ಲಿಂದ ಟೆಂಪೊ ಹೊರಬಂದು ಗುದ್ದಿತು. ಮಧುಕರನಿಗೆ ತರಚುಗಾಯವಷ್ಟೇ. ಅನುಜಾಳ ಬಲಗೈ ಮಣಿಕಟ್ಟು ಮುರಿದು, ಸೊಟ್ಟಗೆ ಕೂಡಿಕೊಂಡಿತು. ರವಿಕೆ ಹೊಲಿಯುವುದು ಅವಳ ಉದ್ಯೋಗ. ಅದು ಅಲ್ಲಿಗೆ ನಿಂತಿತು.

ಮನೆಮಂದಿ ಮಧುಕರನ ಮರೆವನ್ನೇ ಬೈದರು. ಹಸಿರು ದೀಪ ಕಾಣಲಿಲ್ಲ ಅಂದರೆ ನೆಪ ಅಂದರು. ಬರಬರುತ್ತ ಅವನಿಗೂ ತಾನು ನೋಡಲೇ ಇಲ್ಲವೇನೋ ಅನ್ನಿಸತೊಡಗಿತು. ಅನುಜಾ ಬೈಯಲಿಲ್ಲ. ಗಂಡನ ಜೊತೆ ಮಾತೇ ಬಿಟ್ಟಳು.

ಗಾಡಿ ಗುಜರಿಗೆ ಹೋಗಿತ್ತು. ಸಿದ್ರಾಮಪ್ಪ ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಲ್ಕು ತಿಂಗಳು ಒಳಗೇ ಕೊರಗಿ, ಕೊನೆಗೆ ನನ್ನ ಮುಂದೆ ಹೇಳಿಕೊಂಡ. ಹೇಳಿದರೆ ಹೆಸರು ಕೆಟ್ಟು ಅಂಗಡಿ ಮುಚ್ಚಬೇಕಾದೀತು, ಸುಮ್ಮನಿರು ಅಂದೆ. ಆ ಮಾತಿಗೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಮರುದಿನ ಅವನು ಅಂಗಡಿ ತೆರೆಯಲಿಲ್ಲ. ನನ್ನನ್ನೂ ಎಳೆದುಕೊಂಡು ಮಧುಕರನ ಮನೆಗೆ ಹೋದ.

ಹೊಸ್ತಿಲ ಹೊರಗೇ ನಿಂತು ಹೇಳಿದ. “ಮೀಟರಿನ್ಯಾಗಿನ ಬಲ್ಬ್ ನಾನ ಕಿತ್ತಿದ್ದೆ ರೀ. ನಿಮಗ ಹೇಳಲಿಲ್ಲ. ತಪ್ಪು ನಂದು.”

ಮಧುಕರ ಹೊಡೆದರೂ ಹೊಡೆದಾನು ಎಂದು ನಾನು ನಡುವೆ ಬರಲು ಸಿದ್ಧನಾಗಿದ್ದೆ. ಅವನ ಕಣ್ಣು ತುಂಬಿ ಬಂದವು. ಸಿದ್ರಾಮಪ್ಪನ ರಟ್ಟೆ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದ. ಅಲ್ಲಿ ಅನುಜಾ ಎಡಗೈಯಿಂದ ಹಿಟ್ಟು ನಾದುತ್ತಿದ್ದಳು.

“ಈಕಿ ಮುಂದ ಇನ್ನೊಮ್ಮೆ ಹೇಳ್ರಿ,” ಅಂದ.